ಡ್ರಾ ಆದ ಚೆಸ್ ಟೂರ್ನಿ ಆಟವನ್ನು ಬಿಚ್ಚಿ ನೋಡುವುದು ಹೇಗೆ? ಒಂದು ಪೆಟ್ರೋಫ್ ಆಟ, ಓಪನಿಂಗ್‌ನಿಂದ ಕೊನೆಯ ಕಾಲಾಳಿನವರೆಗೆ

ಸೋತ ಆಟವನ್ನು ಎಲ್ಲರೂ ಮತ್ತೆ ಮತ್ತೆ ನೋಡುತ್ತಾರೆ. ಗೆದ್ದ ಆಟವನ್ನು ಮನೆಮಂದಿಗೆಲ್ಲ ತೋರಿಸುತ್ತಾರೆ. ಡ್ರಾ ಆದ ಆಟದ ಸ್ಕೋರ್‌ಶೀಟ್ ಮಾತ್ರ ಬ್ಯಾಗಿನ ತಳದಲ್ಲೇ ಉಳಿದುಬಿಡುತ್ತದೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಟೂರ್ನಿಗಳಲ್ಲಿ ಆಡುವ ಮಕ್ಕಳನ್ನು ನೋಡಿ ನನಗೆ ಇದು ಬಹಳ ಸಲ ಬೇಜಾರು ತಂದಿದೆ. ಯಾಕೆಂದರೆ ಡ್ರಾ ಆದ ಆಟದಲ್ಲಿ ಕಲಿಯುವುದು ಜಾಸ್ತಿ ಇರುತ್ತದೆ, ಆದರೆ ಅದು ಮೇಲೆ ಕಾಣಿಸುವುದಿಲ್ಲ.

ಕೇಳಬೇಕಾದ ಪ್ರಶ್ನೆ ಒಂದೇ: ಈ ಆಟ ಯಾವ ನಡೆಯಲ್ಲಿ ಡ್ರಾ ಆಯಿತು? ಕೈಕುಲುಕಿದ ನಡೆ ಯಾವುದು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಗೆಲ್ಲುವ ದಾರಿ ಮುಚ್ಚಿದ ನಡೆ ಬೇರೆ ಇರುತ್ತದೆ. ಅದನ್ನು ಹುಡುಕುವ ಕ್ರಮ ಹೇಳುತ್ತೇನೆ. ಉದಾಹರಣೆಗೆ ನಮ್ಮ ಓಣಿಯ ಒಬ್ಬ ಹುಡುಗಿ ಹುಬ್ಬಳ್ಳಿಯ ಒಂದು ಕ್ಲಾಸಿಕಲ್ (ನಿಧಾನದ ಆಟದ) ಟೂರ್ನಿಯಲ್ಲಿ ಬಿಳಿ ಕಾಯಿಗಳಿಂದ ಆಡಿದ ಆಟವನ್ನೇ ತೆಗೆದುಕೊಳ್ಳುತ್ತೇನೆ. "ಏನೂ ಇಲ್ಲ ಕಾಕಾ, ಬರೇ ಡ್ರಾ ಆತು" ಅಂತ ಅಂದಿದ್ದಳು. ಶೀಟ್ ನೋಡಿದರೆ 60 ನಡೆ, ಕೊನೆಗೆ ಸ್ಟೇಲ್‌ಮೇಟ್ (ಚೆಕ್ ಇಲ್ಲ, ಆದರೆ ಆಡಲು ನಡೆಯೂ ಇಲ್ಲ). ಏನೂ ಇಲ್ಲ ಅನ್ನುವ ಆಟ ಅದಲ್ಲ.

ಹಂತ 1: ಅದೇ ದಿನ ಬರೆದಿಡಿ, ಎಂಜಿನ್ (ನಡೆ ಲೆಕ್ಕ ಹಾಕುವ ಚೆಸ್ ಪ್ರೋಗ್ರಾಂ) ಮುಟ್ಟಬೇಡಿ

ಆಟ ಮುಗಿದ ಕೂಡಲೇ ಹಾಲ್‌ನಿಂದ ಹೊರಗೆ ಬಂದು, ಎದುರಾಳಿ ಒಪ್ಪಿದರೆ ಅವರ ಜೊತೆ ಹತ್ತು ನಿಮಿಷ ಮಾತಾಡಿ. ಹಾಲ್ ಒಳಗೆ ಮಾತಾಡಬೇಡಿ, ಬೇರೆಯವರ ಆಟ ನಡೆಯುತ್ತಿರುತ್ತದೆ. ಅವರಿಗೆ ಎಲ್ಲಿ ಹೆದರಿಕೆ ಆಯಿತು, ಎಲ್ಲಿ ಸಮಾಧಾನ ಆಯಿತು ಅಂತ ಕೇಳಿ. ಇದನ್ನು ಯಾವ ಕಂಪ್ಯೂಟರ್ರೂ ಹೇಳುವುದಿಲ್ಲ. ನಮ್ಮ ಹುಡುಗಿಯ ಎದುರಾಳಿ ಹೇಳಿದ ಒಂದು ಮಾತು ಮುಂದೆ ತುಂಬಾ ಉಪಯೋಗಕ್ಕೆ ಬಂತು: "ಆನೆ ಹೋದ ಮೇಲೆ ನಾನು ಸೋತೆ ಅಂತಲೇ ಅಂದುಕೊಂಡಿದ್ದೆ."

ಆಮೇಲೆ ಶೀಟ್ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಮೂರು ವಿಷಯ ಬರೆಯಿರಿ. ಯಾವ ನಡೆಗೆ ಜಾಸ್ತಿ ಹೊತ್ತು ತೆಗೆದುಕೊಂಡಿರಿ, ಯಾವ ನಡೆಯನ್ನು ಯೋಚಿಸದೆ ಆಡಿದಿರಿ, ಎಲ್ಲಿ ಮನಸ್ಸಿಗೆ "ಇನ್ನು ಸಾಕು" ಅನಿಸಿತು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಬರುವವರಿಗೆ ಸೀಟು ಸಿಕ್ಕರೆ ಉಣಕಲ್ ದಾಟುವಷ್ಟರಲ್ಲಿ ಇದು ಮುಗಿಯುತ್ತದೆ. ಮರುದಿನಕ್ಕೆ ಬಿಟ್ಟರೆ ಅರ್ಧ ಮರೆತುಹೋಗುತ್ತದೆ, ಉಳಿದ ಅರ್ಧಕ್ಕೆ ನಾವೇ ಚಂದದ ಕಾರಣ ಕಟ್ಟುತ್ತೇವೆ.

ಆಟದ ನಡುವೆಯೇ ಗಡಿಯಾರದ ಹೊತ್ತನ್ನು ಪ್ರತಿ ನಾಲ್ಕೈದು ನಡೆಗೊಮ್ಮೆ ಶೀಟ್‌ನಲ್ಲಿ ಬರೆದುಕೊಳ್ಳುವುದು ಒಳ್ಳೆಯ ಅಭ್ಯಾಸ, ನಿಯಮದ ಪ್ರಕಾರ ಅದಕ್ಕೆ ಅಡ್ಡಿಯಿಲ್ಲ. ಪ್ರತಿ ನಡೆಗೆ 30 ಸೆಕೆಂಡ್ ಸೇರುವ ಆಟದಲ್ಲಿ ಕೊನೆಯವರೆಗೂ ನಡೆ ಬರೆಯಲೇಬೇಕು. ಕಡಿಮೆ ಹೊತ್ತಿನ ರ‍್ಯಾಪಿಡ್‌ನಲ್ಲಿ ಬರೆಯುವ ಕಡ್ಡಾಯ ಇಲ್ಲ. ಹಾಗಿರುವಾಗ ಅದೇ ರಾತ್ರಿ ನೆನಪಿನಿಂದ ಆಟ ಜೋಡಿಸಿ.

ಹಂತ 2: ಇದು ಯಾವ ಜಾತಿಯ ಡ್ರಾ?

ಎಲ್ಲ ಡ್ರಾ ಒಂದೇ ಅಲ್ಲ. ಇಬ್ಬರೂ ಒಪ್ಪಿ ಆಗುವುದು ಒಂದು. ಒಂದೇ ಸ್ಥಿತಿ ಮೂರು ಸಲ ಬರುವುದು ಇನ್ನೊಂದು. ಇಬ್ಬರೂ ತಲಾ 50 ನಡೆ ಆಡಿದರೂ ಒಂದು ಕಾಲಾಳೂ ಕದಲದೆ, ಒಂದು ಕಾಯೂ ಹೊಡೆತ ತಿನ್ನದೆ ಹೋದರೆ ಆಗಲೂ ಡ್ರಾ ಕೇಳಬಹುದು. ಸ್ಟೇಲ್‌ಮೇಟ್ ಇದೆ. ಬರೇ ಎರಡು ರಾಜ ಉಳಿದಂತೆ, ಯಾರೂ ಮೇಟ್ ಮಾಡಲಾಗದ ಸ್ಥಿತಿ ಇದೆ.

ಒಪ್ಪಿ ಮಾಡಿಕೊಂಡ ಡ್ರಾ ಆಗಿದ್ದರೆ ಮೊದಲು ನೋಡಬೇಕಾದ್ದು ಬೋರ್ಡ್ ಅಲ್ಲ, ಮನಸ್ಸು. ಎದುರಾಳಿಯ ರೇಟಿಂಗ್ ನೋಡಿ ಹೆದರಿದಿರಾ? ಕೊನೆಯ ಸುತ್ತು, ಅರ್ಧ ಪಾಯಿಂಟ್ ಬಂದರೆ ಬಹುಮಾನ ಸಿಗುತ್ತದೆ ಅಂತ ಮನೆಯವರು ಬಾಗಿಲಲ್ಲೇ ಹೇಳಿ ಕಳಿಸಿದ್ದರಾ? ಹಾಗೆ ಹೇಳಿ ಕಳಿಸುವುದನ್ನು ದಯವಿಟ್ಟು ಬಿಡಿ ಅಂತ ತಂದೆತಾಯಿಯರಿಗೆ ಕೈಮುಗಿದು ಕೇಳುತ್ತೇನೆ. ಹನ್ನೆರಡು ವರ್ಷದ ಮಗು ಹದಿನೈದನೇ ನಡೆಯಲ್ಲೇ ಕೈಚಾಚಿದರೆ ಆವತ್ತು ಅದು ಚೆಸ್ ಆಡಿದ್ದೇ ಕಡಿಮೆ.

ಡ್ರಾ ಕೇಳುವ ಕ್ರಮವೂ ಗೊತ್ತಿರಲಿ. ಮೊದಲು ನಿಮ್ಮ ನಡೆ ಆಡಿ, ಆಮೇಲೆ ಕೇಳಿ, ಆಮೇಲೆ ಗಡಿಯಾರ ಒತ್ತಿ. ಶೀಟ್‌ನಲ್ಲಿ ಇಬ್ಬರೂ (=) ಗುರುತು ಹಾಕಬೇಕು. ಎದುರಾಳಿ ಬಾಯಿಂದ ಬೇಡ ಅನ್ನಬಹುದು, ಅಥವಾ ಸುಮ್ನೆ ತನ್ನ ನಡೆ ಆಡಿದರೂ ಬೇಡ ಅಂತಲೇ ಅರ್ಥ. ಕೆಲವು ಟೂರ್ನಿಗಳಲ್ಲಿ ಇಂತಿಷ್ಟು ನಡೆ ಆಗುವ ತನಕ ಡ್ರಾ ಕೇಳುವಂತಿಲ್ಲ ಅಂತ ಇರುತ್ತದೆ, ಮೊದಲೇ ಆರ್ಬಿಟರ್ (ಟೂರ್ನಿಯ ತೀರ್ಪುಗಾರರು) ಹತ್ತಿರ ಕೇಳಿಕೊಳ್ಳಿ.

ಮೂರು ಸಲದ ಡ್ರಾದಲ್ಲಿ ನಮ್ಮ ಕಡೆಯ ಮಕ್ಕಳು ಹೆಚ್ಚು ಎಡವುವುದು ಇಲ್ಲಿ: ಮೂರನೇ ಸಲ ಆ ಸ್ಥಿತಿ ತರುವ ನಡೆಯನ್ನು ಆಡಿಬಿಟ್ಟು, ಗಡಿಯಾರ ಒತ್ತಿ, ಆಮೇಲೆ ಕೈ ಎತ್ತುತ್ತಾರೆ. ಹಾಗಲ್ಲ. ನಡೆಯನ್ನು ಶೀಟ್‌ನಲ್ಲಿ ಬರೆಯಿರಿ, ಬೋರ್ಡ್ ಮೇಲೆ ಆಡಬೇಡಿ, ಆರ್ಬಿಟರ್ ಅವರನ್ನು ಕರೆದು ಹೇಳಿ. ಎದುರಾಳಿಯ ನಡೆಯಿಂದಲೇ ಮೂರನೇ ಸಲ ಬಂದಿದ್ದರೆ ನೀವು ಏನೂ ಆಡುವ ಮೊದಲೇ ಕರೆಯಿರಿ. ಸ್ಥಿತಿ ಒಂದೇ ಅಂದರೆ ಕಾಯಿಗಳ ಜಾಗ ಅಷ್ಟೇ ಅಲ್ಲ, ನಡೆಯುವ ಸರದಿ, ಕ್ಯಾಸಲಿಂಗ್ (ರಾಜ, ಆನೆ ಒಟ್ಟಿಗೆ ಕದಲುವ ನಡೆ) ಹಕ್ಕು ಎಲ್ಲವೂ ಒಂದೇ ಇರಬೇಕು. ತಪ್ಪಾಗಿ ಕೇಳಿದರೆ ಎದುರಾಳಿಗೆ ಎರಡು ನಿಮಿಷ ಸೇರಿಸುತ್ತಾರೆ. ಐದು ಸಲ ಬಂದರೆ, ಅಥವಾ 75 ನಡೆ ಹಾಗೇ ಕಳೆದರೆ ಮಾತ್ರ ಯಾರೂ ಕೇಳದಿದ್ದರೂ ಆಟ ಡ್ರಾ.

ಹಂತ 3: ಓಪನಿಂಗ್ ನಿಮ್ಮನ್ನು ಎಲ್ಲಿಗೆ ತಂದು ಬಿಟ್ಟಿತು?

ಈಗ ಬೋರ್ಡ್ ಇಟ್ಟು ಆಟ ಆಡಿಸಿ. ಮೊಬೈಲ್ ಬೇಡ, ನಿಜವಾದ ಬೋರ್ಡ್ ಇರಲಿ. ನಮ್ಮ ಹುಡುಗಿಯ ಆಟ ಹೀಗೆ ಶುರುವಾಯಿತು (× ಅಂದರೆ ಹೊಡೆತ, + ಅಂದರೆ ಚೆಕ್, ಕಾಯಿಯ ಹೆಸರಿಲ್ಲದ ನಡೆ ಕಾಲಾಳಿನದು):

1. ಇ4 ಇ5 2. ಕುದುರೆ ಎಫ್3 ಕುದುರೆ ಎಫ್6 3. ಕುದುರೆ×ಇ5 ಡಿ6 4. ಕುದುರೆ ಎಫ್3 ಕುದುರೆ×ಇ4 5. ರಾಣಿ ಇ2 ರಾಣಿ ಇ7 6. ಡಿ3 ಕುದುರೆ ಎಫ್6 7. ಒಂಟೆ ಜಿ5 ರಾಣಿ×ಇ2+ 8. ಒಂಟೆ×ಇ2 ಒಂಟೆ ಇ7 9. ಕುದುರೆ ಸಿ3 ಸಿ6

ಇದು ಪೆಟ್ರೋಫ್, ರಷ್ಯನ್ ಡಿಫೆನ್ಸ್ ಅಂತಲೂ ಕರೆಯುತ್ತಾರೆ. 1794ರಿಂದ 1867ರವರೆಗೆ ಬದುಕಿದ್ದ ರಷ್ಯಾದ ಆಟಗಾರ ಅಲೆಕ್ಸಾಂಡರ್ ಪೆಟ್ರೋವ್ ಅವರ ಹೆಸರು ಇದಕ್ಕೆ ಬಂದಿದೆ. ಕಪ್ಪಿನವರು ತಮ್ಮ ಕಾಲಾಳನ್ನು ಕಾಯುವ ಬದಲು ಎದುರಿನ ಕಾಲಾಳಿಗೇ ಕೈಹಾಕುತ್ತಾರೆ. ಇಲ್ಲಿ ಒಂದು ಗುಂಡಿ ಇದೆ, ಹೊಸಬರು ಬೀಳುತ್ತಲೇ ಇರುತ್ತಾರೆ: ಮೂರನೇ ನಡೆಯಲ್ಲಿ ಡಿ6 ಆಡದೆ ಕೂಡಲೇ ಕುದುರೆ×ಇ4 ಅಂದರೆ, ಬಿಳಿ 4. ರಾಣಿ ಇ2. ಈಗ ಕುದುರೆ ಎಫ್6ಕ್ಕೆ ಓಡಿದರೆ 5. ಕುದುರೆ ಸಿ6+, ರಾಣಿಯ ದಾರಿ ತೆರೆದು ರಾಜನಿಗೆ ಚೆಕ್, ಕುದುರೆಯ ಕಣ್ಣು ಡಿ8ರ ರಾಣಿಯ ಮೇಲೆ. ಕಪ್ಪು ರಾಣಿ ಹೋಯಿತು. ಅದಕ್ಕೇ ಮೊದಲು ಡಿ6 ಆಡಿ ಕುದುರೆಯನ್ನು ಓಡಿಸಬೇಕು.

ನಮ್ಮ ಆಟಕ್ಕೆ ಬರೋಣ. ಐದನೇ ನಡೆಯಲ್ಲಿ ರಾಣಿ ಇ2 ಅಂದ ಕೂಡಲೇ ಇ4ರ ಕಪ್ಪು ಕುದುರೆ ರಾಜನ ಮುಂದೆ ಸಿಕ್ಕಿಬಿದ್ದಿರುತ್ತದೆ, ಅಲುಗಾಡುವಂತಿಲ್ಲ. ಆದ್ದರಿಂದ ರಾಣಿ ಇ7 ಬರಲೇಬೇಕು. ಅಲ್ಲಿಂದ ರಾಣಿಗಳು ಹೋಗುವುದು ಹೆಚ್ಚುಕಡಿಮೆ ಖಾತ್ರಿ. ಎಂಟನೇ ನಡೆ ಮುಗಿದಾಗ ಎರಡೂ ಕಡೆ ಏಳೇಳು ಕಾಲಾಳು, ಒಂದಕ್ಕೊಂದು ಕನ್ನಡಿ ಹಿಡಿದಂತೆ, ನಡುವೆ ಇ ಸಾಲಿನಲ್ಲಿ ಮಾತ್ರ ಕಾಲಾಳೇ ಇಲ್ಲ.

ಇಲ್ಲಿ ನಿಲ್ಲಿ. ಕೇಳಿಕೊಳ್ಳಿ: ಈ ಸ್ಥಿತಿ ಯಾರಿಗೆ ಬೇಕಿತ್ತು? ಹುಡುಗಿಗೆ ಆವತ್ತು ಗೆಲುವು ಬೇಕಿತ್ತು, ಅವಳೇ ಹೇಳಿದಳು. ಆದರೆ ಆಡಿದ್ದು ರಾಣಿಗಳನ್ನು ಬೇಗ ಕಳೆಯುವ ದಾರಿ. ಪುಸ್ತಕದ ಪ್ರಕಾರ ಯಾವ ತಪ್ಪೂ ಇಲ್ಲ, ಒಳ್ಳೆಯ ಆಟಗಾರರೂ ಇದನ್ನು ಆಡುತ್ತಾರೆ. ಆದರೆ ನಿಮಗೆ ಬೇಕಾದ್ದಕ್ಕೂ ನಿಮ್ಮ ಓಪನಿಂಗ್‌ಗೂ ಹೊಂದಿಕೆ ಇಲ್ಲದಿದ್ದರೆ ಡ್ರಾದ ಮೊದಲ ಬೀಜ ಅಲ್ಲೇ ಬೀಳುತ್ತದೆ.

ಹಾಗಂತ ಬಿಳಿಗೆ ಏನೂ ಸಿಕ್ಕಿಲ್ಲ ಅಂತಲ್ಲ. ಎಂಟನೇ ನಡೆಯ ಒಂಟೆ×ಇ2 ಆದ ಕ್ಷಣಕ್ಕೆ ಎಣಿಸಿ: ಬಿಳಿಯ ಮೂರು ಕಾಯಿ ಹೊರಗೆ ಬಂದಿವೆ, ಕಪ್ಪಿನದು ಎಫ್6ರ ಕುದುರೆ ಒಂದೇ. ಬಿಳಿಯ ಲಾಭ ಅಷ್ಟೇ. ಇಂಥ ಲಾಭ ಬಹಳ ಹೊತ್ತು ಉಳಿಯುವುದಿಲ್ಲ, ಬೇಗ ಬಳಸಬೇಕು. 10. ದೊಡ್ಡ ಕ್ಯಾಸಲಿಂಗ್ (ರಾಣಿಯ ಕಡೆಗೆ) ಮಾಡಿದರೆ ಒಂದು ಆನೆ ಆಗಲೇ ಡಿ1ಕ್ಕೆ ಬಂದಿರುತ್ತದೆ, ಮುಂದಿನ ನಡೆಯಲ್ಲಿ ಇನ್ನೊಂದು ಇ1ಕ್ಕೆ. ಎರಡೇ ನಡೆಯಲ್ಲಿ ಎಲ್ಲ ಕಾಯಿ ಕೆಲಸಕ್ಕೆ ಹಾಜರ್. ಹುಡುಗಿ ಆಡಿದ್ದು ಸಣ್ಣ ಕ್ಯಾಸಲಿಂಗ್. ಕಪ್ಪೂ ಅದನ್ನೇ ಮಾಡಿತು. 11. ಆನೆ ಇ1 ಆನೆ ಇ8. ಕಪ್ಪಿಗೆ ಬೇಕಾದ ಹೊತ್ತು ಸಿಕ್ಕಿತು.

ನಿಮ್ಮ ಆಟಕ್ಕೆ ಇದನ್ನು ಮಾಡುವಾಗ ಲಿಚೆಸ್ ಅನ್ನುವ ಚೆಸ್ ವೆಬ್‌ಸೈಟ್‌ನ ಓಪನಿಂಗ್ ಎಕ್ಸ್‌ಪ್ಲೋರರ್ ತೆರೆಯಿರಿ, ಪುಕ್ಕಟೆ ಸಿಗುತ್ತದೆ. ಅದರಲ್ಲಿ ಮಾಸ್ಟರ್‌ಗಳ ಆಟಗಳನ್ನು ಆರಿಸಿ, ನಿಮ್ಮ ನಡೆಗಳನ್ನು ಒಂದೊಂದಾಗಿ ಹಾಕುತ್ತ ಹೋಗಿ. ನಿಮ್ಮ ಆಟ ಎಲ್ಲಿ ಆ ದಾರಿ ಬಿಟ್ಟಿತು ಅಂತ ಗುರುತು ಮಾಡಿ. ಹೊಸ ನಡೆ ಅಂದರೆ ಕೆಟ್ಟ ನಡೆ ಅಂತಲ್ಲ. ಆದರೆ ಅಲ್ಲಿಂದ ಮುಂದೆ ನಿಮ್ಮ ಸ್ವಂತ ತಲೆಯ ಕೆಲಸ, ಅಲ್ವಾ? ಅಲ್ಲಿ ನಿಮ್ಮ ಯೋಜನೆ ಏನಿತ್ತು ಅಂತ ಒಂದು ವಾಕ್ಯದಲ್ಲಿ ಬರೆಯಲು ಆಗದಿದ್ದರೆ, ಯೋಜನೆ ಇರಲಿಲ್ಲ ಅಂತಲೇ ತಿಳಿಯಿರಿ.

ಹಂತ 4: ಬದಲಾವಣೆಗಳ ಪಟ್ಟಿ

ನಡುವಿನ ಆಟವನ್ನು ಒಂದೊಂದು ನಡೆಯಾಗಿ ಕೆದಕುತ್ತ ಕೂರಬೇಡಿ. ಕಾಯಿಗೆ ಕಾಯಿ ಬದಲಾದ ಜಾಗಗಳನ್ನಷ್ಟೇ ಪಟ್ಟಿ ಮಾಡಿ, ಪ್ರತಿಯೊಂದರ ಎದುರು ಯಾರು ಶುರು ಮಾಡಿದ್ದು, ಆಮೇಲೆ ಯಾರ ಸ್ಥಿತಿ ಸುಲಭವಾಯಿತು ಅಂತ ಬರೆಯಿರಿ. ಖಾಲಿ ಸಾಲಿನಲ್ಲಿ ಎದುರುಬದುರು ನಿಂತ ಆನೆಗಳು ಬದಲಾಗಿ ಹೋಗುವುದು ಇಂಥ ಆಟಗಳ ರೂಢಿ. ಇಲ್ಲಿಯೂ ಒಂದು ಜೊತೆ ಆನೆ ಇ ಸಾಲಿನಲ್ಲೇ ಹೋಯಿತು, ಒಂಟೆ ಕುದುರೆಗಳೂ ಹೋದವು.

ಆದರೆ ಒಂದು ವಿಷಯ ಬಿಳಿಗೆ ಉಳಿದಿತ್ತು. ಒಂಬತ್ತನೇ ನಡೆಯಲ್ಲಿ ಕಪ್ಪು ಸಿ6 ಆಡಿತ್ತು, ಕುದುರೆ ಬಿ5ಕ್ಕೆ ಬರದಿರಲಿ ಅಂತ. ಅದರಿಂದ ಡಿ6ರ ಕಾಲಾಳಿಗೆ ಕಾಲಾಳಿನ ಕಾವಲು ಇಲ್ಲದಂತಾಯಿತು. ಹುಡುಗಿ ಇದನ್ನು ಮರೆಯಲಿಲ್ಲ. ಆನೆಯನ್ನು ಆರನೇ ಸಾಲಿಗೆ ನುಗ್ಗಿಸಿ ಅದನ್ನು ಹೊಡೆದೇಬಿಟ್ಟಳು. ಇದು ಚಂದದ ಆಟ, ಡ್ರಾ ಆಯಿತು ಅಂತ ಇದನ್ನು ಅಳಿಸಿಹಾಕಬಾರದು. ಚೆನ್ನಾಗಿ ಆಡಿದ್ದಕ್ಕೂ ಗುರುತು ಹಾಕಿ.

ಹಂತ 5: ದಾರಿ ಮುಚ್ಚಿದ ನಡೆ

ಉಳಿದ ಕಾಲಾಳುಗಳೆಲ್ಲ ಒಂದಕ್ಕೊಂದು ಹೋಗಿ, ಕೊನೆಗೆ ಆನೆಗಳೂ ಹೋಗಿ (ಎದುರಾಳಿ ಸೋತೆ ಅಂದುಕೊಂಡದ್ದು ಇಲ್ಲೇ), 52ನೇ ನಡೆಗೆ ಬೋರ್ಡ್ ಮೇಲೆ ಇದ್ದದ್ದು ಮೂರೇ ಕಾಯಿ. ಬಿಳಿ ರಾಜ ಸಿ4, ಬಿಳಿ ಕಾಲಾಳು ಡಿ3, ಕಪ್ಪು ರಾಜ ಡಿ6. ಬಿಳಿಯ ಸರದಿ. ಆರನೇ ನಡೆಯಲ್ಲಿ ಡಿ3ಕ್ಕೆ ಬಂದ ಅದೇ ಕಾಲಾಳು, ಇಷ್ಟು ಹೊತ್ತು ಅಲ್ಲೇ ನಿಂತಿತ್ತು.

ಈ ಸ್ಥಿತಿಯನ್ನು ಬೋರ್ಡ್ ಮೇಲೆ ಇಡಿ. ಓದುವುದನ್ನು ನಿಲ್ಲಿಸಿ ಸ್ವಲ್ಪ ಯೋಚಿಸಿ.

ಹುಡುಗಿ 52. ಡಿ4 ಆಡಿದಳು. ಗಡಿಯಾರದಲ್ಲಿ 14 ನಿಮಿಷ ಇತ್ತು, ಈ ನಡೆಗೆ 20 ಸೆಕೆಂಡ್ ಕೂಡ ತೆಗೆದುಕೊಂಡಿಲ್ಲ. ಕಾಲಾಳು ಮುಂದೆ ಹೋಗಿಯೇ ರಾಣಿ ಆಗಬೇಕು, ಹಾಗಾಗಿ ನೂಕಿದೆ ಅಂದಳು. ಕಪ್ಪಿನ ಉತ್ತರ ರಾಜ ಸಿ6, ಉಳಿಸುವ ನಡೆ ಅದೊಂದೇ. ಮುಂದೆ 53. ಡಿ5+ ರಾಜ ಡಿ6 54. ರಾಜ ಡಿ4 ರಾಜ ಡಿ7 55. ರಾಜ ಸಿ5 ರಾಜ ಸಿ7 56. ಡಿ6+ ರಾಜ ಡಿ7 57. ರಾಜ ಡಿ5 ರಾಜ ಡಿ8 58. ರಾಜ ಸಿ6 ರಾಜ ಸಿ8 59. ಡಿ7+ ರಾಜ ಡಿ8 60. ರಾಜ ಡಿ6. ಕಪ್ಪಿಗೆ ನಡೆಯಿಲ್ಲ, ಚೆಕ್ಕೂ ಇಲ್ಲ. ಸ್ಟೇಲ್‌ಮೇಟ್. 57ರಲ್ಲಿ ಕಪ್ಪು ರಾಜ ನೆಟ್ಟಗೆ ಡಿ8ಕ್ಕೇ ಹಿಂದೆ ಸರಿದದ್ದನ್ನು ಗಮನಿಸಿ. ಸಿ8 ಅಥವಾ ಇ8ಕ್ಕೆ ಸರಿದಿದ್ದರೆ ಬಿಳಿ ರಾಜ ಅದರ ಎದುರಿಗೇ ಬಂದು ನಿಂತು ಗೆಲ್ಲುತ್ತಿತ್ತು.

ಗೆಲ್ಲುವ ನಡೆ 52. ರಾಜ ಡಿ4. ರಾಜರು ಎದುರುಬದುರು, ನಡುವೆ ಒಂದೇ ಮನೆ, ಸರದಿ ಕಪ್ಪಿನದು. ಇದಕ್ಕೆ ಅಪೊಸಿಷನ್ ಅನ್ನುತ್ತಾರೆ. ಸರದಿ ಇರುವವರು ದಾರಿ ಬಿಡಬೇಕು. ಕಪ್ಪು ಸಿ6ಕ್ಕೆ ಹೋದರೆ ಬಿಳಿ ರಾಜ ಇ5. ಇ6ಕ್ಕೆ ಹೋದರೆ ಸಿ5. ಹಿಂದೆ ಡಿ7ಕ್ಕೆ ಹೋದರೆ ಡಿ5. ಮೂರರಲ್ಲೂ ಬಿಳಿ ರಾಜ ತನ್ನ ಕಾಲಾಳಿಗಿಂತ ಎರಡು ಸಾಲು ಮುಂದೆ ನಿಂತಿರುತ್ತದೆ, ಕಾಲಾಳು ಇನ್ನೂ ಡಿ3ರಲ್ಲೇ.

ಕಾಲಾಳು ಹಿಂದೆ ಉಳಿದರೆ ಏನು ಲಾಭ? ಬಿಳಿ ರಾಜ ಡಿ5, ಕಪ್ಪು ರಾಜ ಡಿ7 ಅಂತ ಇಡಿ, ಸರದಿ ಬಿಳಿಯದು. ಕಾಲಾಳು ಡಿ4ರಲ್ಲಿದ್ದರೆ ಇದು ಡ್ರಾ, ಬಿಳಿ ರಾಜ ಯಾವ ಕಡೆ ಹೋದರೂ ಕಪ್ಪು ಎದುರು ಬಂದು ನಿಲ್ಲುತ್ತದೆ. ಅದೇ ಕಾಲಾಳು ಡಿ3ರಲ್ಲಿದ್ದರೆ? ಡಿ4 ಅಂತ ಒಂದು ಹೆಜ್ಜೆ ಇಟ್ಟು ಸರದಿಯನ್ನು ಕಪ್ಪಿನ ಮೇಲೆ ಹಾಕಬಹುದು. ಆಟ ಗೆದ್ದಂತೆಯೇ. ಆ ಒಂದು ಹೆಜ್ಜೆ ಬಿಳಿಯ ಜೇಬಿನಲ್ಲಿ ಉಳಿಸಿಟ್ಟ ದುಡ್ಡು, 52ರಲ್ಲಿ ಅದು ಖರ್ಚಾಗಿಹೋಯಿತು.

ನೆನಪಿಟ್ಟುಕೊಳ್ಳುವ ಲೆಕ್ಕ ಹೀಗೆ: ಕಾಲಾಳು ಮೂರನೇ ಸಾಲಿನ ಡಿ3ರಲ್ಲಿದ್ದರೆ ನಿಮ್ಮ ರಾಜ ಸಿ5, ಡಿ5, ಇ5 ಇವುಗಳಲ್ಲಿ ಒಂದು ಮನೆ ಹಿಡಿದರೆ ಗೆಲುವು. ಡಿ4ರಲ್ಲಿದ್ದರೆ ಸಿ6, ಡಿ6, ಇ6 ಬೇಕು. ಕಾಲಾಳು ಮುಂದೆ ಹೋದಂತೆ ರಾಜ ಹಿಡಿಯಬೇಕಾದ ಮನೆಯೂ ದೂರ ಹೋಗುತ್ತದೆ. ಎ ಮತ್ತು ಎಚ್ ಸಾಲಿನ ಅಂಚಿನ ಕಾಲಾಳುಗಳಿಗೆ ಮಾತ್ರ ಈ ಲೆಕ್ಕ ಹಾಕಬೇಡಿ, ಅಲ್ಲಿ ಎದುರಿನ ರಾಜ ಮೂಲೆ ಸೇರಿದರೆ ಡ್ರಾ.

ಹಂತ 6: ಈಗ ಎಂಜಿನ್ ತೆರೆಯಿರಿ

ಇಷ್ಟೆಲ್ಲ ನೀವೇ ಹುಡುಕಿದ ಮೇಲೆ ಸ್ಟಾಕ್‌ಫಿಶ್ ಹಾಕಿ. ನೀವು ಗುರುತಿಸಿದ ಜಾಗಗಳನ್ನು ಅದು ಒಪ್ಪುತ್ತದಾ ನೋಡಿ. ಬೋರ್ಡ್ ಮೇಲೆ ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿ ಇದ್ದರೆ ಲಿಚೆಸ್‌ನಲ್ಲೇ ಟೇಬಲ್‌ಬೇಸ್ ಸಿಗುತ್ತದೆ. ಅದು ಅಂದಾಜು ಹೇಳುವುದಿಲ್ಲ, ಪ್ರತಿ ನಡೆಗೂ ಗೆಲುವೋ ಡ್ರಾವೋ ಸೋಲೋ ಅಂತ ಖಚಿತವಾಗಿ ತೋರಿಸುತ್ತದೆ. 52ನೇ ನಡೆಯಲ್ಲಿ ರಾಜ ಡಿ4 ಎದುರು ಗೆಲುವು, ಡಿ4 ಎದುರು ಡ್ರಾ.

ಮಗುವಿಗೆ ಇದನ್ನು ತೋರಿಸುವಾಗ ಮಾತು ಮೆತ್ತಗಿರಲಿ. 2018ರಲ್ಲಿ ಲಂಡನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ ಆರನೇ ಆಟ ಇದಕ್ಕೆ ಒಳ್ಳೆಯ ಜೊತೆ. ಅದೂ ಪೆಟ್ರೋಫ್. ಕಾರ್ಲ್‌ಸನ್ ಬಿಳಿ, ಕರುವಾನಾ ಕಪ್ಪು. ನಾಲ್ಕನೇ ನಡೆಯಲ್ಲಿ ಕುದುರೆಯನ್ನು ಎಫ್3 ಬದಲು ಡಿ3ಕ್ಕೆ ತಂದರು, ಐದರಲ್ಲಿ ಇಲ್ಲಿಯಂತೆಯೇ ರಾಣಿ ಇ2 ರಾಣಿ ಇ7, ಎಂಟನೇ ನಡೆಗೆ ರಾಣಿಗಳು ಮಾಯ. ಎಂಡ್‌ಗೇಮ್‌ನಲ್ಲಿ ಕರುವಾನಾ ಹತ್ತಿರ ಒಂದು ಕಾಯಿ ಜಾಸ್ತಿ ಇತ್ತು, 68ರಲ್ಲಿ ಒಂಟೆ ಎಚ್4 ಆಡಿದ್ದರೆ ಗೆಲುವಿತ್ತು ಅಂತ ಕಂಪ್ಯೂಟರ್ ತೋರಿಸಿತು. ಮನುಷ್ಯರಿಗೆ ಕಾಣುವ ನಡೆಯೇ ಅಲ್ಲ ಅದು. 80 ನಡೆಗೆ ಡ್ರಾ. ಆ ಪಂದ್ಯದ 12 ಕ್ಲಾಸಿಕಲ್ ಆಟಗಳೂ ಡ್ರಾ ಆಗಿ, ಕೊನೆಗೆ ರ‍್ಯಾಪಿಡ್‌ನಲ್ಲಿ ಕಾರ್ಲ್‌ಸನ್ 3-0 ಗೆದ್ದರು. ಕರುವಾನಾ ಕೈತಪ್ಪಿದ್ದು ಕಲಿಯಲಾಗದಷ್ಟು ಆಳದ್ದು. ನಮ್ಮ ಹುಡುಗಿಯ ಕೈತಪ್ಪಿದ್ದನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಎಂಜಿನ್ ತೋರಿಸುವ ಪ್ರತಿ ತಪ್ಪಿಗೂ ಈ ವ್ಯತ್ಯಾಸ ಹಾಕಿ ನೋಡಿ, ಕಲಿಯಬಹುದಾದ್ದನ್ನು ಮಾತ್ರ ನೋಟ್‌ಬುಕ್‌ಗೆ ಇಳಿಸಿ.

ಹಂತ 7: ರೇಟಿಂಗ್ ಲೆಕ್ಕ, ಬೇಗ ಮುಗಿಸಿ

ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ಲೆಕ್ಕದಲ್ಲಿ ರೇಟಿಂಗ್‌ನಲ್ಲಿ ನಿಮಗಿಂತ 140 ಪಾಯಿಂಟ್ ಮೇಲಿರುವವರ ಎದುರು ಒಂದು ಆಟಕ್ಕೆ ನಿಮ್ಮಿಂದ ನಿರೀಕ್ಷಿಸುವ ಅಂಕ 0.31. ಡ್ರಾ ಮಾಡಿದರೆ 0.5, ಅಂದರೆ 0.19 ಜಾಸ್ತಿ. ಈ ವ್ಯತ್ಯಾಸವನ್ನು ಗುಣಿಸುವ ಸಂಖ್ಯೆ, ಅಂದರೆ ಕೆ ಅಂಶ, 40 ಇರುವ ಮಕ್ಕಳಿಗೆ 7.6 ಪಾಯಿಂಟ್ ಸೇರುತ್ತದೆ. ಗೆದ್ದಿದ್ದರೆ 27.6. ಒಂದು ಸಲ ಲೆಕ್ಕ ಹಾಕಿ ಬಿಟ್ಟುಬಿಡಿ. ರೇಟಿಂಗ್ ಬಂತು ಅಂತ ಆಟ ನೋಡದೆ ಬಿಡುವುದು ದೊಡ್ಡ ನಷ್ಟ.

ಹಂತ 8: ಮುಂದಿನ ಟೂರ್ನಿಗೆ ಏನು ಬದಲಿಸಬೇಕು?

ಓಪನಿಂಗ್ ಪೂರ್ತಿ ಎಸೆಯಬೇಡಿ. ಡ್ರಾ ಆದ ಕೂಡಲೇ "ಇನ್ನು ಇ4 ಬೇಡ, ಡಿ4 ಆಡ್ತೀನಿ" ಅನ್ನುವ ಮಕ್ಕಳು ಬಹಳ. ಒಂದೇ ಒಂದು ಕವಲು ಬದಲಿಸಿ ಸಾಕು. ಪೆಟ್ರೋಫ್ ಎದುರು ಗೆಲುವಿಗೆ ಆಡಬೇಕು ಅಂದರೆ ಐದನೇ ನಡೆಯಲ್ಲಿ ಕುದುರೆ ಸಿ3 ನೋಡಿ. ಕಪ್ಪು ಕುದುರೆ×ಸಿ3 ಅಂದರೆ ಡಿ×ಸಿ3 ಹೊಡೆದು, ಒಂಟೆ ಇ3, ರಾಣಿ ಡಿ2, ದೊಡ್ಡ ಕ್ಯಾಸಲಿಂಗ್. ಕಪ್ಪು ಸಣ್ಣ ಕಡೆ ಕ್ಯಾಸಲ್ ಮಾಡಿದ್ದರೆ ರಾಣಿಗಳು ಬೋರ್ಡ್ ಮೇಲಿದ್ದು ಇಬ್ಬರು ರಾಜರೂ ಬೇರೆ ಬೇರೆ ಕಡೆ, ಎಚ್ ಕಾಲಾಳನ್ನು ಓಡಿಸಿ ದಾಳಿ ಮಾಡಬಹುದು. ಶಾಂತವಾಗಿ ಕಟ್ಟುವ ಆಟ ಇಷ್ಟ ಇದ್ದರೆ 5. ಡಿ4 ಡಿ5 6. ಒಂಟೆ ಡಿ3 ಹಳೆಯ ಮುಖ್ಯ ದಾರಿ. ಆಡಿದ ದಾರಿಯನ್ನೇ ಇಟ್ಟುಕೊಳ್ಳುವುದಾದರೆ ಹತ್ತನೇ ನಡೆಯಲ್ಲಿ ದೊಡ್ಡ ಕ್ಯಾಸಲಿಂಗ್ ಮಾಡಿ. ಡ್ರಾ ಸಾಕು ಅನ್ನುವ ದಿನಕ್ಕೆ ಐದನೇ ನಡೆಯ ರಾಣಿ ಇ2 ಒಳ್ಳೆಯ ಆಯುಧ, ಅದನ್ನೂ ಮರೆಯಬೇಡಿ.

ಇದೆಲ್ಲದಕ್ಕಿಂತ ಮೊದಲು ಆ ಮೂರು ಕಾಯಿಯ ಸ್ಥಿತಿಯನ್ನು ಮನೆಯಲ್ಲಿ ಯಾರ ಜೊತೆಗಾದರೂ ಆಡಿ, ಅಣ್ಣನೋ ಅಜ್ಜನೋ ಯಾರಾದರೂ ಸರಿ. ಒಂದು ಸಲ ಬಿಳಿಯಾಗಿ 52. ರಾಜ ಡಿ4ರಿಂದ ಗೆದ್ದು ತೋರಿಸಿ. ಆಮೇಲೆ ಬೋರ್ಡ್ ತಿರುಗಿಸಿ, 52. ಡಿ4 ಆದ ಮೇಲೆ ಕಪ್ಪಾಗಿ ಡ್ರಾ ಮಾಡಿ ತೋರಿಸಿ. ಎರಡೂ ಯೋಚಿಸದೆ ಬರುವ ತನಕ ಆಡಿ. ಆಮೇಲೆ ಎಲ್ಲ ಕಾಯಿಗಳನ್ನು ಒಂದು ಸಾಲು ಬಲಕ್ಕೆ ಸರಿಸಿ ಇ ಕಾಲಾಳಿನಿಂದ ಆಡಿ, ಆಗ ಮನೆಗಳ ಹೆಸರು ಬಾಯಿಪಾಠ ಮಾಡಿದ್ದಾ, ಲೆಕ್ಕ ನಿಜವಾಗಿ ತಲೆಗೆ ಹೋಯಿತಾ ಅಂತ ಗೊತ್ತಾಗುತ್ತದೆ.